ಘಟ್ಟ ಇಳಿಯುವ ಲೆಕ್ಕ

ಮಳೆಗಾಲ ಕಳೆದು ದೀಪಾವಳಿ ಹತ್ತಿರ ಬರುತ್ತಿದ್ದಂತೆ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ನಡುವೆ ಆಗೊಮ್ಮೆ ಈಗೊಮ್ಮೆ ದೂರದೂರಿನ ಸೈಕಲ್ ಸವಾರರು ಕಾಣಿಸಿಕೊಳ್ಳುತ್ತಾರೆ. ಬೆನ್ನಿಗೊಂದು ಚೀಲ, ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಜೋತುಬಿದ್ದ ಇನ್ನೆರಡು ಚೀಲ, ತಲೆಗೆ ಹೆಲ್ಮೆಟ್, ಬಿಸಿಲಿಗೆ ಕೆಂಪೇರಿದ ಮುಖ. ಹಂಪಿಯಲ್ಲಿ ನಾಲ್ಕು ದಿನ ಕಳೆದು ಗೋಕರ್ಣದ ಕಡಲ ದಂಡೆಗೆ ಹೊರಟವರು ಇವರು. ಹೆಚ್ಚಿನವರು ಈ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಬಸ್ಸಿನಲ್ಲೋ ರೈಲಿನಲ್ಲೋ ಕ್ರಮಿಸಿದರೆ, ಕೆಲವರಿಗೆ ಮಾತ್ರ ಸೈಕಲ್ಲೇ ಆಗಬೇಕು.

ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟರೆ ದೇವಿಕೊಪ್ಪದ ಹೊತ್ತಿಗೆ ಎರೆಹೊಲಗಳ ಬಯಲು ಮುಗಿದು ಕಾಡು ಶುರುವಾಗುತ್ತದೆ. ನೆರಳು ಕಂಡ ಸವಾರರು ಇಳಿದು ಚಹಾ ಕೇಳುತ್ತಾರೆ. ಸುತ್ತ ಹುಡುಗರು ನೆರೆಯುತ್ತಾರೆ. ಗೇರುಗಳನ್ನು ಎಣಿಸುವುದು, ಟೈರನ್ನು ಚಿವುಟಿ ನೋಡುವುದು ನಡೆಯುತ್ತದೆ.

"ಬಸ್ಸಿಗೆ ಕೊಡಾಕ ರೊಕ್ಕ ಇಲ್ಲೇನ್ರಿ ಇವ್ರಿಗೆ?" ಎಂದು ಹುಡುಗನೊಬ್ಬ ಕೇಳಿದರೆ, "ರೊಕ್ಕ ಇದ್ದವ್ರಿಗೇ ತಮ್ಮಾ ಇಂಥಾ ಹುಕಿ" ಎಂದು ಚಹಾ ಸೋಸುತ್ತಲೇ ಉತ್ತರ ಬರುತ್ತದೆ. "ಅರಬೈಲ ಘಟ್ಟ ಹೆಂಗ ಇಳಿತಾರೋ ಏನೋ" ಎಂದು ಬೆಂಚಿನ ಮೇಲಿದ್ದ ಹಿರಿಯರು ಚಿಂತಿಸಿದರೆ ಹುಡುಗನಿಗೆ ನಗು. "ಏರೂದು ಕಷ್ಟ ಅಜ್ಜಾ. ಇಳಿಯೂದೇನು? ಪೆಡಲ್ ಸೈತ ತುಳಿಯೂದು ಬ್ಯಾಡ!"

ಹುಡುಗನ ಮಾತು ನಿಜವೇ. ಘಟ್ಟ ಇಳಿಯುವಾಗ ಪೆಡಲ್ ತುಳಿಯಬೇಕಿಲ್ಲ. ಆದರೆ ತುಳಿಯದೆಯೇ ಸೈಕಲ್ಲಿಗೆ ಸಿಗುವ ಆ ಬಲ ಎಲ್ಲಿಂದ ಬಂತು, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ತಿಳಿದರೆ ಅಜ್ಜನ ಚಿಂತೆಯೂ ನಿಜವೆಂದು ಒಪ್ಪಬೇಕಾಗುತ್ತದೆ.

ಹೊಳೆ ಇಳಿಯುವ ದಾರಿ

ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಅಂಕೋಲಾ ಕಡಲ ಮಗ್ಗುಲಲ್ಲೇ ಇದೆ. ಎರಡೂ ಊರುಗಳ ನಡುವಿನ ದಾರಿ ಸುಮಾರು 70 ಕಿಲೋಮೀಟರ್. ಈ ಇಳಿತ ದಾರಿಯುದ್ದಕ್ಕೂ ಸಮನಾಗಿ ಹಂಚಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಆದರೆ ಅದರ ಬಹುಭಾಗ ಅರಬೈಲ್ ಘಟ್ಟದ ಕೆಲವೇ ಕಿಲೋಮೀಟರುಗಳಲ್ಲಿ ಮುಗಿಯುತ್ತದೆ. ಪ್ರಶ್ನೆ ಇರುವುದು ಅಲ್ಲೇ.

ಇದೇ ಇಳಿತವನ್ನು ಇನ್ನೊಬ್ಬ ಪಯಣಿಗನೂ ಇಳಿಯುತ್ತಾನೆ. ಧಾರವಾಡದ ಸೀಮೆಯಲ್ಲಿ ಹುಟ್ಟಿ, ಕಲಘಟಗಿ ತಾಲ್ಲೂಕನ್ನು ಹಾಯ್ದು ಹೋಗುವ ಬೇಡ್ತಿ ಹೊಳೆ. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಅದು ಸುಮಾರು 200 ಮೀಟರ್ ಎತ್ತರದಿಂದ ಧುಮುಕುತ್ತದೆ. ಕೆಳಗಿಳಿದ ಮೇಲೆ ಗಂಗಾವಳಿ ಎಂಬ ಹೆಸರು ಹೊತ್ತು ಸಮುದ್ರ ಸೇರುತ್ತದೆ. ಎತ್ತರದಲ್ಲಿರುವ ನೀರಿನಲ್ಲಿ ಶಕ್ತಿ ಅಡಗಿದೆ ಎಂದು ಎಂಜಿನಿಯರುಗಳು ಹಿಂದೆಯೇ ಲೆಕ್ಕ ಹಾಕಿ ಬೇಡ್ತಿ ವಿದ್ಯುತ್ ಯೋಜನೆ ರೂಪಿಸಿದ್ದರು. 1980ರ ಆಸುಪಾಸಿನಲ್ಲಿ ತೋಟಿಗರ, ಪರಿಸರ ಪ್ರೇಮಿಗಳ ವಿರೋಧದಿಂದ ಅದು ನಿಂತಿತು. ಹಾಗಾಗಿ ಆ ಶಕ್ತಿ ಇಂದಿಗೂ ಭೋರ್ಗರೆತವಾಗಿ, ತುಂತುರಾಗಿ, ಕೊನೆಗೆ ಶಾಖವಾಗಿ ಕರಗುತ್ತಿದೆ.

ಶಾಖವಾಗಿ ಎಂದರೆ ಅಚ್ಚರಿಯಾದೀತು. ಜಲಪಾತದ ನೀರು ತಣ್ಣಗಲ್ಲವೇ? ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬ ವಿಜ್ಞಾನಿಗೂ ಇದೇ ಕುತೂಹಲ. 1847ರಲ್ಲಿ ಮದುವೆಯಾದ ಹೊಸದರಲ್ಲಿ ಪತ್ನಿಯೊಡನೆ ಆಲ್ಪ್ಸ್ ಪರ್ವತಕ್ಕೆ ಹೋದಾಗಲೂ ಆತನ ಕೈಯಲ್ಲಿ ಉಷ್ಣಮಾಪಕ ಇತ್ತಂತೆ. ಜಲಪಾತದ ನೆತ್ತಿಯ ನೀರಿಗಿಂತ ಬುಡದ ನೀರು ಎಷ್ಟು ಬೆಚ್ಚಗಿದೆ ಎಂದು ಅಳೆಯುವ ಹಂಬಲ ಆತನಿಗೆ. ದಾರಿಯಲ್ಲಿ ಅಕಸ್ಮಾತ್ತಾಗಿ ಎದುರಾದ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿಯೇ ಈ ಪ್ರಸಂಗ ಹೇಳಿದ್ದು. ತುಂತುರಿನಿಂದಾಗಿ ಅಳತೆ ಸರಿಹೋಗಲಿಲ್ಲವಾದರೂ ಜೂಲ್‌ನ ತತ್ತ್ವ ಮಾತ್ರ ನಿಂತಿತು. ಬಿದ್ದ ಎತ್ತರ ಕಳೆದುಹೋಗುವುದಿಲ್ಲ, ಅದು ಶಾಖವಾಗುತ್ತದೆ. ಅದರ ಪ್ರಕಾರ 200 ಮೀಟರ್ ಬಿದ್ದ ನೀರು ಹೆಚ್ಚೆಂದರೆ ಅರ್ಧ ಡಿಗ್ರಿಯಷ್ಟು ಬೆಚ್ಚಗಾಗಬೇಕು. ಕೈಗೆ ತಿಳಿಯದಷ್ಟು ಸಣ್ಣ ಮೊತ್ತ, ಆದರೆ ಲೆಕ್ಕ ತಪ್ಪುವುದಿಲ್ಲ.

ಸೈಕಲ್ ಸವಾರನೂ ಇಲ್ಲಿ ಒಂದು ಬಗೆಯ ಜಲಪಾತವೇ. ಹೊಳೆ ಧುಮುಕಿ ಮುಗಿಸಿದ ಲೆಕ್ಕವನ್ನು ಆತ ಸುತ್ತಿ ಬಳಸಿ ತೀರಿಸಬೇಕು, ಅಷ್ಟೇ.

ಒಂದೂವರೆ ಲೀಟರ್ ಕುದಿನೀರು

ಸವಾರ 70 ಕಿಲೋ, ಸೈಕಲ್ 15, ಚೀಲಗಳು 15, ಒಟ್ಟು 100 ಕಿಲೋ ಎಂದಿಟ್ಟುಕೊಳ್ಳಿ. 500 ಮೀಟರ್ ಇಳಿದಾಗ ಹೊರಬೀಳುವ ಶಕ್ತಿ ಸುಮಾರು 4 ಲಕ್ಷ 90 ಸಾವಿರ ಜೂಲ್. ಅಂಕಿ ಕೇಳಿ ಗಾಬರಿಪಡಬೇಕಿಲ್ಲ. ದೇವಿಕೊಪ್ಪದ ಚಹಾ ಒಲೆಗೆ ಹೋಲಿಸಿ ಹೇಳುವುದಾದರೆ, ಒಂದೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕಾಗುವಷ್ಟು ಶಾಖ. ಹದಿನೈದು ಜನಕ್ಕೆ ಅರ್ಧರ್ಧ ಕಪ್ ಚಹಾ ಆದೀತು.

ಈ ಶಾಖ ಎಲ್ಲಿಗಾದರೂ ಹೋಗಲೇಬೇಕು. ಹೋಗಲು ಇರುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಎದುರಿನ ಗಾಳಿ. ಇನ್ನೊಂದು, ಬ್ರೇಕ್ ರಬ್ಬರು ಮತ್ತು ಅದು ತಿಕ್ಕುವ ರಿಮ್ಮು. ಯಾವುದೇ ಬ್ರೇಕು ವೇಗವನ್ನು ನುಂಗಿಹಾಕುವುದಿಲ್ಲ, ಅದನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಅಂಗೈ ಅಂಗೈ ತಿಕ್ಕಿದರೆ ಆಗುವುದೂ ಇದೇ.

ಬ್ರೇಕನ್ನೇ ಮುಟ್ಟದೆ ಬಿಟ್ಟರೆ? ನೂರು ಮೀಟರ್ ಸಾಗಿದಾಗ ಆರು ಮೀಟರ್ ಇಳಿಯುವ ರಸ್ತೆ ಎಂದುಕೊಳ್ಳಿ. ಸೈಕಲ್ಲಿನ ವೇಗ ಏರುತ್ತಾ ಹೋದಂತೆ ಗಾಳಿಯ ತಡೆ ಇನ್ನೂ ಜೋರಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಹೀಗಾಗಿ ಗಂಟೆಗೆ 45–50 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಇಳಿಜಾರಿನ ಸೆಳೆತ, ಗಾಳಿಯ ತಡೆ ಎರಡೂ ಸಮನಾಗಿ ವೇಗ ಅಲ್ಲಿಗೆ ನಿಲ್ಲುತ್ತದೆ. ನೂರಕ್ಕೆ ಹತ್ತರಂತೆ ಇಳಿಯುವ ಕಡೆ ಅದು 60 ದಾಟುತ್ತದೆ. ನೇರ ರಸ್ತೆಯಾದರೆ ಗಾಳಿಯೇ ಸವಾರನ ದೊಡ್ಡ ಬ್ರೇಕು. ಆದರೆ ಘಟ್ಟದಲ್ಲಿ ನೇರ ರಸ್ತೆ ಎಲ್ಲಿದೆ?

ಬ್ರೇಕ್ ಹಿಡಿದೇ ಇಳಿಯುವವರು ತಿಳಿಯಬೇಕಾದ ಸ್ವಾರಸ್ಯದ ಸಂಗತಿಯೊಂದಿದೆ. ರಿಮ್ಮು ಹೆಚ್ಚು ಕಾಯುವುದು ತೀರಾ ನಿಧಾನಕ್ಕೆ ಹೋದಾಗಲ್ಲ, ತೀರಾ ಜೋರಾಗಿ ಹೋದಾಗಲೂ ಅಲ್ಲ. ನಿಧಾನವಾದರೆ ಬಿಸಿ ಸ್ವಲ್ಪ ಸ್ವಲ್ಪವೇ ಹುಟ್ಟಿ ಆರಿಹೋಗಲು ಸಮಯ ಸಿಗುತ್ತದೆ. ಜೋರಾದರೆ ಗಾಳಿಯೇ ಬಹುಪಾಲು ಹೊರುತ್ತದೆ. ನಡುವಣ ವೇಗ, ಗಂಟೆಗೆ ಸುಮಾರು 28 ಕಿಲೋಮೀಟರಿನ ಆಸುಪಾಸು, ಬ್ರೇಕಿನ ಪಾಲಿಗೆ ಅತಿ ಭಾರ. ಮೇಲಿನ ಲೆಕ್ಕದ ಸವಾರ ಆ ವೇಗದಲ್ಲಿ ಬ್ರೇಕು ಹಿಡಿದೇ ಇಳಿದರೆ, ಮೂರು ನೂರು-ವ್ಯಾಟ್ ಬಲ್ಬುಗಳು ಉರಿಯುವಷ್ಟು ಶಾಖ ಸತತವಾಗಿ ರಿಮ್ಮಿಗೆ ಸುರಿಯುತ್ತದೆ. ರಿಮ್ಮಿನೊಳಗೆ ಗಾಳಿ ತುಂಬಿದ ಟ್ಯೂಬು ಇದೆ. ಕಾದ ಗಾಳಿ ಹಿಗ್ಗುತ್ತದೆ, ಮೆತ್ತಗಾದ ರಬ್ಬರು ಸೋಲುತ್ತದೆ. ಉದ್ದದ ಇಳಿಜಾರಿನಲ್ಲಿ ಟ್ಯೂಬು ಸಿಡಿಯುವುದು ಹೀಗೆ. ಈಚಿನ ಸೈಕಲ್ಲುಗಳಲ್ಲಿ ಚಕ್ರದ ನಡುವೆ ಬೇರೆಯೇ ಉಕ್ಕಿನ ತಟ್ಟೆ ಇಟ್ಟು ಅದನ್ನು ಹಿಡಿಯುವ ಡಿಸ್ಕ್ ಬ್ರೇಕು ಬಂದಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಶಾಖ ಟ್ಯೂಬಿನಿಂದ ದೂರ ಉಳಿಯುತ್ತದೆ.

ನಮ್ಮ ಹಳ್ಳಿಗಳ ಹಳೆಯ ಕಪ್ಪು ಸೈಕಲ್ಲಿನಲ್ಲಿ ತಂತಿಯ ಬದಲು ಕಬ್ಬಿಣದ ಕಡ್ಡಿ ಎಳೆದು ರಬ್ಬರನ್ನು ರಿಮ್ಮಿಗೆ ಒತ್ತುವ ವ್ಯವಸ್ಥೆ. ಸಮತಟ್ಟಾದ ಊರದಾರಿಗೆ ಅದು ಸಾಕು. ಆದರೆ ಹೊಳಪಿನ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ನೆಂದಾಗ ರಬ್ಬರು ಹಿಡಿಯದೆ ಜಾರುತ್ತದೆ. ಮಳೆಯಲ್ಲಿ ಸೈಕಲ್ ಹೊಡೆದವರಿಗೆಲ್ಲ ಇದು ಗೊತ್ತು.

ಎತ್ತು, ಹತ್ತಿ, ಅದಿರು

ಈ ಲೆಕ್ಕ ಮೊದಲು ಹಾಕಿದವರು ಸೈಕಲ್ಲಿನವರಲ್ಲ, ಚಕ್ಕಡಿಯವರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಅದಕ್ಕೆ ವ್ಯಾಪಾರದಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಈ ಕಡೆ ತಿರುಗಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಬಂದರು, ಹತ್ತಿ, ಘಟ್ಟದ ರಸ್ತೆಗಳ ವಿಚಾರವಿತ್ತು. ಹತ್ತಿ ಹೇರಿದ ಚಕ್ಕಡಿ ಇಳಿಯುವಾಗ ಎತ್ತುಗಳು ಎಳೆಯುವುದಲ್ಲ, ತಡೆಯಬೇಕು. ಹೆಗಲಿನ ನೊಗ ಕೊರಳಿಗೆ ಬರುತ್ತದೆ. ಅದಕ್ಕೇ ಗಾಲಿಗೆ ಮರದ ತೊಲೆಯೊಂದು ಒತ್ತುವಂತೆ ಹಗ್ಗ ಬಿಗಿದು ಇಳಿಸುತ್ತಿದ್ದರು. ತೊಲೆಯಿಂದ ಸುಟ್ಟ ವಾಸನೆ ಬಂದರೆ ನಿಲ್ಲಿಸಬೇಕು ಎಂಬುದು ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ.

ಈಗ ಅದೇ ಘಟ್ಟದಲ್ಲಿ ಲಾರಿಗಳು. ಬಳ್ಳಾರಿ, ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಬೇಲೇಕೇರಿ ಬಂದರಿಗೆ ಹರಿದ ವರ್ಷಗಳಲ್ಲಿ ಈ ರಸ್ತೆಯ ಮರಗಿಡಗಳ ಮೇಲೆಲ್ಲ ಕೆಂಪು ಧೂಳು ಕೂತಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿದ ಮೇಲೆ ಆ ಸಾಲು ಕರಗಿತು. ಉಳಿದ ಸರಕಿನ ಸಂಚಾರ ಮಾತ್ರ ನಿಂತಿಲ್ಲ.

ಸೈಕಲ್ಲಿಗೆ ಹಾಕಿದ ಲೆಕ್ಕವನ್ನೇ 25 ಟನ್ನಿನ ಲಾರಿಗೆ ಹಾಕಿ ನೋಡಿ. ಅದೇ 500 ಮೀಟರ್ ಇಳಿತಕ್ಕೆ ಹೊರಬೀಳುವ ಶಾಖ ಹೆಚ್ಚುಕಡಿಮೆ 390 ಲೀಟರ್ ನೀರನ್ನು, ಅಂದರೆ 200 ಲೀಟರಿನ ಎರಡು ಡ್ರಮ್ಮು ನೀರನ್ನು ಕುದಿಗೆ ತರುವಷ್ಟು! ಗಾಳಿಯಾದರೂ ನೆರವಿಗೆ ಬಂದೀತೇ? ಇಲ್ಲ. ಲಾರಿಯ ತೂಕ ಸೈಕಲ್ಲಿನ 250 ಪಟ್ಟು, ಗಾಳಿಗೆ ಎದುರಾಗುವ ಅದರ ಎದೆ ಹತ್ತಾರು ಪಟ್ಟು ಮಾತ್ರ. ಹಾಗಾಗಿ ಸೈಕಲ್ಲನ್ನು 50ರ ಒಳಗೆ ಹಿಡಿದಿಡುವ ಗಾಳಿ, ಬ್ರೇಕು ತಪ್ಪಿದ ಲಾರಿಯನ್ನು ಗಂಟೆಗೆ 200 ಕಿಲೋಮೀಟರ್ ದಾಟಿದರೂ ತಡೆಯಲಾರದು. ಅಷ್ಟರೊಳಗೆ ತಿರುವು ಬಂದೇ ಬರುತ್ತದೆ.

ಬ್ರೇಕ್ ಡ್ರಮ್ಮು ಅತಿಯಾಗಿ ಕಾದರೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಲೈನರಿನ ಹಿಡಿತವೂ ಕುಗ್ಗುತ್ತದೆ. ಚಾಲಕ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆಯೇ ವಿನಾ ಗಾಡಿ ನಿಲ್ಲುವುದಿಲ್ಲ. "ಬ್ರೇಕ್ ಫೇಲ್" ಎಂದು ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ಬರುವ ಸುದ್ದಿಯ ಹಿಂದೆ ಬಹಳ ಸಲ ಮುರಿದ ಬ್ರೇಕು ಇರುವುದಿಲ್ಲ, ಕಾದ ಬ್ರೇಕು ಇರುತ್ತದೆ. ಇದಕ್ಕೆ ಅನುಭವಿ ಚಾಲಕರ ಮದ್ದು ಒಂದೇ. ಯಾವ ಗೇರಿನಲ್ಲಿ ಏರುವೆಯೋ ಅದೇ ಗೇರಿನಲ್ಲಿ ಇಳಿ. ಸಣ್ಣ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದೆಳೆದು ಶಾಖದ ದೊಡ್ಡ ಪಾಲನ್ನು ಹೊರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವವರು ಉಳಿಸುವುದು ಕೆಲವು ರೂಪಾಯಿ, ಒತ್ತೆ ಇಡುವುದು ಪ್ರಾಣ, ತಮ್ಮದಷ್ಟೇ ಅಲ್ಲ.

ತಿರುವಿನ ಗಣಿತ

ಇಳಿಜಾರು ಒಂದು ಅಪಾಯವಾದರೆ ತಿರುವು ಇನ್ನೊಂದು. ತಿರುವಿನಲ್ಲಿ ಸೈಕಲ್ಲನ್ನು ಒಳಕ್ಕೆಳೆದು ತಿರುಗಿಸುವುದು ಹ್ಯಾಂಡಲ್ ಅಲ್ಲ, ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಟೈರು ರಸ್ತೆಗೆ ತಾಗುವ ಜಾಗವೋ ಎರಡು ಹೆಬ್ಬೆರಳಿನಷ್ಟು. ಬೇಕಾಗುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 20ರಲ್ಲಿ ಸಲೀಸಾಗಿ ತಿರುಗಿದ ಕಡೆ 40ರಲ್ಲಿ ನಾಲ್ಕು ಪಟ್ಟು ಹಿಡಿತ ಬೇಕು. ಹದಿನೈದು ಮೀಟರ್ ತ್ರಿಜ್ಯದ ಬಿಗಿ ತಿರುವಿನಲ್ಲಿ ಒಣ ಡಾಂಬರು ಗಂಟೆಗೆ ಸುಮಾರು 36 ಕಿಲೋಮೀಟರಿನ ತನಕ ಕೈಬಿಡುವುದಿಲ್ಲ. ಅದೇ ತಿರುವಿನಲ್ಲಿ ಲಾರಿಯಿಂದ ಉದುರಿದ ಜಲ್ಲಿಯೋ ಮರಳೋ ಇದ್ದರೆ 24ಕ್ಕೇ ಟೈರು ಜಾರುತ್ತದೆ. ಕಣ್ಣಿಗೆ ತಿರುವು ಅದೇ, ರಸ್ತೆ ಮಾತ್ರ ಬೇರೆ.

ಟೈರಿನ ಹಿಡಿತ ಒಂದು ಕಟ್ಟಿಟ್ಟ ಮೊತ್ತ. ಅದನ್ನು ತಿರುಗಲು ಬಳಸಬಹುದು ಇಲ್ಲವೇ ನಿಲ್ಲಲು ಬಳಸಬಹುದು. ಎರಡಕ್ಕೂ ಒಟ್ಟಿಗೆ ಪೂರ್ತಿ ಬೇಕೆಂದರೆ ಸಿಗದು. ಆದ್ದರಿಂದಲೇ ಬ್ರೇಕು ಹಿಡಿಯಬೇಕಾದ್ದು ತಿರುವಿನ ಮುಂಚೆ, ತಿರುವಿನೊಳಗಲ್ಲ. ಇನ್ನು ಗಾಬರಿಯಲ್ಲಿ ಮುಂದಿನ ಬ್ರೇಕನ್ನೊಂದೇ ಗಕ್ಕನೆ ಅದುಮಿದರೆ ಭಾರವೆಲ್ಲ ಮುಂದಿನ ಗಾಲಿಗೆ ಹೋಗಿ ಹಿಂದಿನ ಗಾಲಿ ಏಳುತ್ತದೆ, ಸವಾರ ಹ್ಯಾಂಡಲ್ ದಾಟಿ ಹಾರುತ್ತಾನೆ. ಇಳಿಜಾರಿನಲ್ಲಿ ಮೊದಲೇ ಮುಂದಕ್ಕೆ ಬಾಗಿರುವ ಕಾರಣ ಇದು ಇನ್ನೂ ಬೇಗ ಆಗುತ್ತದೆ. ಹಿಂದಿನದೊಂದನ್ನೇ ಹಿಡಿದರೆ ಭಾರವಿಲ್ಲದ ಗಾಲಿ ತಿರುಗುವುದು ನಿಂತು ಜಾರುತ್ತದೆ. ಎರಡನ್ನೂ ಹದವಾಗಿ, ಬಿಟ್ಟು ಬಿಟ್ಟು ಹಿಡಿಯುವುದೇ ಸರಿ. ಬಿಟ್ಟ ಕ್ಷಣದಲ್ಲಿ ರಿಮ್ಮಿಗೆ ಗಾಳಿ ತಾಗಿ ಆರುತ್ತದೆ.

ಬೊಲಿವಿಯಾದ ರಸ್ತೆ

ಇಳಿಯುವುದನ್ನೇ ಒಂದು ಆಟವಾಗಿ ಮಾಡಿಕೊಂಡ ಜಾಗವೊಂದು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿದೆ. ಲಾ ಪಾಸ್ ನಗರದ ಮೇಲಿನ ಕಣಿವೆದಾರಿಯಿಂದ ಕೊರೊಯ್ಕೊ ಎಂಬ ಊರಿಗೆ ಇಳಿಯುವ ಯುಂಗಾಸ್ ರಸ್ತೆ. ಮೇಲೆ ಸುಮಾರು 4,650 ಮೀಟರ್ ಎತ್ತರ, ಕೆಳಗೆ 1,200ರ ಆಸುಪಾಸು. ಅರವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಏಳು ಯಲ್ಲಾಪುರಗಳನ್ನು ಒಂದರ ಮೇಲೊಂದು ಪೇರಿಸಿ ಇಳಿದಂತೆ. ನಮ್ಮ ನೂರು ಕಿಲೋದ ಸವಾರ ಅಲ್ಲಿ ಹತ್ತು ಲೀಟರಿಗೂ ಹೆಚ್ಚು ನೀರು ಕುದಿಯುವಷ್ಟು ಶಾಖ ಕಳೆಯಬೇಕು.

1930ರ ದಶಕದಲ್ಲಿ ಪರಗ್ವೆಯೊಡನೆ ನಡೆದ ಚಾಕೊ ಯುದ್ಧದ ಕೈದಿಗಳ ದುಡಿಮೆಯಿಂದ ಕಡಿದ ರಸ್ತೆ ಅದು. ಹಲವು ಕಡೆ ಅಗಲ ಮೂರೇ ಮೀಟರ್. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ನೂರಾರು ಮೀಟರ್ ಪ್ರಪಾತ, ಮೇಲಿಂದ ಮಂಜು ಮತ್ತು ನೀರು. 1983ರ ಜುಲೈಯಲ್ಲಿ ಒಂದೇ ಬಸ್ಸು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. 1995ರಲ್ಲಿ ಅಮೆರಿಕ ಖಂಡಗಳ ಅಭಿವೃದ್ಧಿ ಬ್ಯಾಂಕು ಇದನ್ನು ಜಗತ್ತಿನ ಅತಿ ಅಪಾಯದ ರಸ್ತೆ ಎಂದು ಕರೆಯಿತು. ಬೊಲಿವಿಯಾದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ಈ ದಾರಿಯಲ್ಲಿ ಮಾತ್ರ ಎಡಕ್ಕೆ. ಅಲ್ಲಿ ಚಾಲಕನ ಆಸನ ಎಡಬದಿಗಿರುವುದರಿಂದ, ಇಳಿಯುವವನು ಪ್ರಪಾತದ ಅಂಚಿನಲ್ಲಿ ಕೂತು ತನ್ನ ಗಾಲಿ ಎಲ್ಲಿದೆಯೆಂದು ತಾನೇ ಇಣುಕಿ ನೋಡಿಕೊಳ್ಳಲಿ ಎಂಬ ಉದ್ದೇಶ. ಏರಿ ಬರುವವರಿಗೆ ಮೊದಲ ಹಕ್ಕು. ಕುರುಡು ತಿರುವುಗಳಲ್ಲಿ ಬಾವುಟ ಹಿಡಿದು ನಿಂತು ದಾರಿ ತೋರುವ ಸ್ಥಳೀಯರೂ ಇದ್ದರು.

ಇಂಥ ಕುಖ್ಯಾತಿಯೇ ಆಕರ್ಷಣೆಯಾಯಿತು. 1990ರ ದಶಕದ ಕೊನೆಯಿಂದ ಬೆನ್ನುಚೀಲದ ಪ್ರವಾಸಿಗರು ಹಣ ಕೊಟ್ಟು ಸೈಕಲ್ ಬಾಡಿಗೆ ಪಡೆದು ಇಲ್ಲಿ ಇಳಿಯತೊಡಗಿದರು. ವ್ಯಾನಿನಲ್ಲಿ ಮೇಲಕ್ಕೆ ಹೋಗುವುದು, ಸೈಕಲ್ಲಿನಲ್ಲಿ ಕೆಳಕ್ಕೆ ಬರುವುದು. ಲಡಾಖಿನ ಖಾರ್ದುಂಗ್ ಲಾದಿಂದ ಲೇಹ್ ಪಟ್ಟಣಕ್ಕೆ ಹೀಗೆಯೇ ಇಳಿಯುವವರಿದ್ದಾರೆ. ಬೊಲಿವಿಯಾದಲ್ಲಿ 1998ರಿಂದೀಚೆಗೆ ಕನಿಷ್ಠ ಹದಿನೆಂಟು ಸವಾರರು ಸತ್ತಿದ್ದಾರೆಂಬ ಲೆಕ್ಕ ಮತ್ತೆ ಮತ್ತೆ ಅಚ್ಚಾಗಿದೆ. ದಾರಿ ಬದಿಯ ಶಿಲುಬೆಗಳ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಸಾಗುವವರೂ ಇದ್ದಾರೆ.

ಒಂದು ವ್ಯತ್ಯಾಸ ಗಮನಿಸಬೇಕು. 2006ರ ಕೊನೆಗೆ ಬೇರೆ ಬೆಟ್ಟದ ಮೈಯಲ್ಲಿ ಸುರಂಗ, ಸೇತುವೆಗಳ ಹೊಸ ರಸ್ತೆ ಪೂರ್ತಿಯಾದ ಮೇಲೆ ಲಾರಿ ಬಸ್ಸುಗಳು ಅತ್ತ ಹೋದವು. ಹಳೆಯ ರಸ್ತೆ ಬಹುಮಟ್ಟಿಗೆ ಸೈಕಲ್ಲಿನವರ ಪಾಲಾಯಿತು. ಆ ಶಿಲುಬೆಗಳಲ್ಲಿ ಹೆಚ್ಚಿನವು ಆಟಕ್ಕೆ ಬಂದವರದ್ದಲ್ಲ. ಹಣ್ಣು, ಸೊಪ್ಪು ಮಾರಲು, ಸಂಬಂಧಿಕರನ್ನು ನೋಡಲು ಬೇರೆ ದಾರಿಯಿಲ್ಲದೆ ಹೊರಟವರದ್ದು.

ಬೇರೆ ದಾರಿಯಿಲ್ಲದವರು

ಅರಬೈಲಿನಲ್ಲೂ ಹಾಗೆಯೇ. 2025ರ ಜನವರಿ 22ರ ಬುಧವಾರ, ಇನ್ನೂ ಬೆಳಕು ಹರಿಯದ ಹೊತ್ತು. ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡ ಲಾರಿಯೊಂದು ಹೊರಟಿತ್ತು. ಸರಕಿನ ಮೇಲೆಯೇ ವ್ಯಾಪಾರಿಗಳು ಕೂತಿದ್ದರು. ಘಟ್ಟದಲ್ಲಿ ಇನ್ನೊಂದು ವಾಹನಕ್ಕೆ ದಾರಿ ಬಿಡಲು ಬದಿಗೆ ಸರಿದ ಲಾರಿ ಸುಮಾರು 50 ಮೀಟರ್ ಆಳಕ್ಕೆ ಉರುಳಿತು. ಹತ್ತು ಜನ ಸತ್ತರು. ಅವರಲ್ಲಿ ಯಾರೂ ಸಾಹಸಕ್ಕೆ ಹೊರಟವರಲ್ಲ. ಸಂತೆ ಹೊತ್ತೇರುವ ಮುನ್ನ ಮುಟ್ಟಬೇಕು, ಸರಕಿನ ಜೊತೆಗೇ ಹೋದರೆ ಬಸ್ಸಿನ ಖರ್ಚು ಉಳಿದೀತು, ಇಷ್ಟೇ ಅವರ ಲೆಕ್ಕ. ಅದರಲ್ಲಿ ಘಟ್ಟದ ಲೆಕ್ಕ ಸೇರಿರಲಿಲ್ಲ. ಸೇರಿದ್ದರೂ ಅವರ ಕೈಯಲ್ಲಿ ಬ್ರೇಕು ಇರಲಿಲ್ಲ, ಸ್ಟೀರಿಂಗೂ ಇರಲಿಲ್ಲ.

ಬೆಟ್ಟವೂ ಸುಮ್ಮನಿರುವುದಿಲ್ಲ. 2021ರ ಜುಲೈಯ ಮಳೆಗೆ ಅರಬೈಲಿನಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. ಕೆಳಗೆ ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾದಿಂದ ಗೋಕರ್ಣದ ಕಡೆ ಹೋಗುವ ಹೆದ್ದಾರಿಯಲ್ಲಿ, ಶಿರೂರಿನ ಬಳಿ ಗುಡ್ಡವೇ ಕುಸಿದು ರಸ್ತೆ ದಾಟಿ ಹೊಳೆಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನ ಪಾಲಾದರು. ಮಣ್ಣಿನ ರಾಶಿಗೆ ತನ್ನದೇ ಒಂದು ಓರೆ ಇದೆ. ಕಣಜದ ಭತ್ತ ಸುರಿದಾಗ ನಿಲ್ಲುವ ಓರೆಯಂತೆ. ಬುಡ ಕಡಿದು ಆ ಓರೆಯನ್ನು ನೆಟ್ಟಗೆ ಮಾಡಿದರೆ ಬೇಸಿಗೆಯಲ್ಲಿ ನಿಂತೀತು. ಮಳೆನೀರು ಇಂಗಿ ಭಾರ ಹೆಚ್ಚಿ, ಕಣಗಳ ಹಿಡಿತ ಸಡಿಲಿದಾಗ ಅದೂ ತನ್ನ ಎತ್ತರದ ಲೆಕ್ಕ ತೀರಿಸಿಕೊಳ್ಳುತ್ತದೆ. ಇಲ್ಲಿ ಬ್ರೇಕು ಹಿಡಿಯಬೇಕಾದ್ದು ರಸ್ತೆ ಕಡಿಯುವವರು.

ಆದ್ದರಿಂದ ಘಟ್ಟದ ಸುರಕ್ಷತೆಯೆಂದರೆ ಹೆಲ್ಮೆಟ್ಟಿನ ಮಾತಷ್ಟೇ ಅಲ್ಲ. ಪ್ರಪಾತದ ಬದಿಗೆ ಗಟ್ಟಿ ತಡೆಗೋಡೆ, ಜಲ್ಲಿ ಗುಡಿಸುವ ವ್ಯವಸ್ಥೆ, ಗುಡ್ಡದ ನೀರು ಹರಿದುಹೋಗಲು ಚರಂಡಿ, ಲಾರಿಗಳು ನಿಂತು ಬ್ರೇಕು ಆರಿಸಿಕೊಳ್ಳಲು ಜಾಗ, ಸಂತೆಗೆ ಹೋಗುವವರಿಗೆ ಹೊತ್ತಿಗೆ ಸರಿಯಾದ ಬಸ್ಸು, ಇವೆಲ್ಲ ಸೇರಿದರೆ ಸುರಕ್ಷತೆ. ಸವಾರರಾಗಲಿ ಚಾಲಕರಾಗಲಿ ನೆನಪಿಡಬೇಕಾದ ನಿಯಮವೊಂದು ನಮ್ಮ ದೇಶದ ಕಾನೂನಿನಲ್ಲೇ ಇದೆ. ಎರಡು ವಾಹನ ದಾಟಲು ಇಕ್ಕಟ್ಟಾದ ಘಟ್ಟದ ದಾರಿಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಏರುವವನು ಒಮ್ಮೆ ನಿಂತರೆ ಭಾರದ ಗಾಡಿಯನ್ನು ಮತ್ತೆ ಹೊರಡಿಸುವುದು ಕಷ್ಟ ಎಂಬುದು ಇದರ ಹಿಂದಿನ ಸರಳ ವಿಜ್ಞಾನ.

ಶಾಲೆಯ ಅಂಗಳದಲ್ಲಿ

ಹಂಪಿಯಿಂದ ಬಂದವರು ಚಹಾ ಕುಡಿದು, ಬ್ರೇಕು ಒತ್ತಿ ನೋಡಿ, ಟೈರು ತಟ್ಟಿ ಹೊರಡುತ್ತಾರೆ. ಈ ಪರೀಕ್ಷೆ ಅವರಿಗೆ ಅಭ್ಯಾಸ. ನಿಂತು ನೋಡುವ ಹುಡುಗರಲ್ಲಿ ಆ ಅಭ್ಯಾಸ ಕಡಿಮೆ. ರಾಜ್ಯ ಸರ್ಕಾರ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಟ್ಟ ಸೈಕಲ್ಲುಗಳು ಇಂದಿಗೂ ಹಳ್ಳಿ ಹಳ್ಳಿಯಲ್ಲಿ ಓಡುತ್ತಿವೆ. ಅಣ್ಣನಿಂದ ತಂಗಿಗೆ, ತಂಗಿಯಿಂದ ತಮ್ಮನಿಗೆ ಬಂದಿವೆ. ಅವುಗಳಲ್ಲಿ ಎಷ್ಟಕ್ಕೆ ಬ್ರೇಕ್ ರಬ್ಬರು ಉಳಿದಿದೆ? ರಬ್ಬರು ಸವೆದರೆ ಚಪ್ಪಲಿ ಕಾಲನ್ನು ಟೈರಿಗೆ ಒತ್ತಿ ನಿಲ್ಲಿಸುವ ಜಾಣತನ ಊರೂರಿನಲ್ಲಿದೆ. ಊರೊಳಗೆ ಅದು ನಡೆದೀತು. ಎದುರಿಗೆ ಹೆದ್ದಾರಿಯ ಲಾರಿ ಬಂದಾಗ ನಡೆಯದು.

ಇದನ್ನು ಬೈದು ಹೇಳುವುದಕ್ಕಿಂತ ಅಳೆದು ತೋರಿಸುವುದು ಮೇಲು. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆಯೊಂದು ಎಳೆದು, ಸಣ್ಣ ವೇಗದಲ್ಲಿ ಬಂದು ಗೆರೆ ತಲುಪಿದಾಗ ಬ್ರೇಕು ಹಿಡಿಯಲು ಹೇಳಿ. ನಿಂತ ಜಾಗಕ್ಕೆ ಗುರುತು ಹಾಕಿ ದೂರವನ್ನು ಟೇಪಿನಿಂದ ಅಳೆಯಿರಿ. ಒಣ ರಿಮ್ಮಿನಲ್ಲಿ ಒಮ್ಮೆ, ನೀರು ಹಾಕಿದ ರಿಮ್ಮಿನಲ್ಲಿ ಒಮ್ಮೆ, ಹೊಸ ರಬ್ಬರು ಹಾಕಿ ಒಮ್ಮೆ. ವೇಗ ಹೆಚ್ಚಿಸಿದಾಗ ದೂರ ಹೇಗೆ ಏರುತ್ತದೆ ನೋಡಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿರುವವನು ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 10 ಮೀಟರ್ ಸಾಗಿರುತ್ತಾನೆ. ನಿಲ್ಲಲು ಇನ್ನೂ 10 ಮೀಟರ್. ವೇಗ 54 ಆದರೆ ಒಟ್ಟು 37 ಮೀಟರಿಗೂ ಹೆಚ್ಚು. ಇದು ಸಮತಟ್ಟಾದ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನ ಲೆಕ್ಕ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಪುಸ್ತಕದಲ್ಲಿ ಓದಿದ ಸೂತ್ರ ಅಂಗಳದಲ್ಲಿ ಕಂಡರೆ ಮಕ್ಕಳು ಮರೆಯುವುದಿಲ್ಲ.

ಒಂದು ಜೊತೆ ಬ್ರೇಕ್ ರಬ್ಬರಿಗೆ ಖಾನಾವಳಿಯ ಒಂದು ಊಟದ ಬೆಲೆಯೂ ಇಲ್ಲ. ಹಾಕಲು ಸೈಕಲ್ ಅಂಗಡಿಯವನಿಗೆ ಹತ್ತು ನಿಮಿಷ ಸಾಕು. ಮುಂದಿನ ಸಲ ಚೀಲ ಹೊತ್ತ ಸವಾರರು ದೇವಿಕೊಪ್ಪದಲ್ಲಿ ಇಳಿದಾಗ ಹುಡುಗರು ಗೇರು ಎಣಿಸಲಿ, ಬೇಡವೆನ್ನುವುದಿಲ್ಲ. ಜೊತೆಗೆ ಅವರು ಹೊರಡುವ ಮುನ್ನ ಎರಡೂ ಕೈಯಿಂದ ಬ್ರೇಕು ಒತ್ತಿ ನೋಡುವುದನ್ನೂ ಗಮನಿಸಲಿ. ಆಮೇಲೆ ತಮ್ಮ ಸೈಕಲ್ಲಿನದನ್ನೂ ಒಮ್ಮೆ ಒತ್ತಿ ನೋಡಲಿ.